ಚೈತ್ರಶ್ರೀಯ ಎರಡನೇ ಫೋಟೋ

೧
ಈ ಕತೆ ಎಲ್ಲಿಂದ ಶುರು ಮಾಡೋದು? ಫ್ಲ್ಯಾಶ್ ಹೊಡೆದ ಕ್ಷಣದಿಂದ ಅಂದುಕೊಂಡಿದ್ದೆ. ಆ ಡ್ರಾಫ್ಟ್ ಓದಿದರೆ ಕಣ್ಣು ಕುಕ್ಕಿತೇ ಹೊರತು ಏನೂ ಕಾಣಲಿಲ್ಲ. ಹರಿದು ಹಾಕಿದೆ. ಹೊನ್ನಾಳಿ ಕಡೆಯ ಗಂಡಿನಿಂದಲೇ ಶುರು ಮಾಡೋಣ.

೨
ಗಂಡು ಜಗಳೂರಿನ ಸಣ್ಣತಿಮ್ಮಪ್ಪನ ಮನೆಗೆ ಹೆಣ್ಣು ನೋಡಲು ಬಂದ. ಉಪ್ಪಿಟ್ಟು ತಿಂದ, ಇನ್ನೊಂದು ಸಲ ಹಾಕಿಸಿಕೊಂಡ. ಆಮೇಲೆ ಎದುರಿಗೇ ಕೂತಿದ್ದ ಸಣ್ಣತಿಮ್ಮಪ್ಪನ ಮಗಳು ಚೈತ್ರಶ್ರೀಯನ್ನು ನೋಡಿ, "ಫೋಟೋದಾಗಿದ್ದ ಹುಡುಗಿ ಎಲ್ಲಿ?" ಅಂತ ಕೇಳಿದ.

ತಪ್ಪೆಲ್ಲ ಫೋಟೋ ತೆಗೆದ ಕೆಂಚೇಶನ ತಲೆಗೆ ಬಂತು. ಸ್ಟುಡಿಯೋ ಇಟ್ಟು ಹನ್ನೊಂದು ವರ್ಷವಾದರೂ ಫ್ಲ್ಯಾಶಿನ ತಲೆ ಮೇಲಕ್ಕೂ ತಿರುಗುತ್ತೆ, ಸೂರಿಗೆ ಬಡಿದು ಬಂದ ಬೆಳಕು ಮೆತ್ತಗಿರುತ್ತೆ ಅನ್ನೋದು ಅವನಿಗೆ ಗೊತ್ತಿರಲಿಲ್ಲ. (ಇದನ್ನು ಬರೆದಿದ್ದಕ್ಕೆ ಕೆಂಚೇಶ್ ಮುಖ ಊದಿಸಿಕೊಂಡ. ಗೊತ್ತಿತ್ತಂತೆ, ಗಿರಾಕಿಗಳೇ ಬೆಳ್ಳಗೆ ಬರಲಿ ಅಂತಾರಂತೆ. ಸರಿ, ತಿದ್ದಿಕೊಳ್ಳಿ.) ಹುಡುಗಿಯನ್ನು ಗೋಡೆಗೆ ಒರಗಿಸಿ ನೇರ ಮುಖಕ್ಕೇ ಹೊಡೆದಿದ್ದ. ಮುಖ ಮೈದಾಹಿಟ್ಟು, ಬೆನ್ನ ಹಿಂದೆ ಇನ್ನೊಬ್ಬಳು ನಿಂತಂಗೆ ಕರೀ ನೆರಳು.

೩
ಸಣ್ಣತಿಮ್ಮಪ್ಪ ಕೆಂಚೇಶನನ್ನು ಮತ್ತೆ ಕರೆಸಿ ಬೈದ. ಬೈದಾದ ಮೇಲೆ, ಈ ಸಲ ಇನ್ನೂ ಸ್ವಲ್ಪ ಬೆಳ್ಳಗೆ ಬರಲಿ ಅಂದ. ಹೋದ ಸಲ ಕೆಟ್ಟಿದ್ದು ಬಿಳುಪು ಸಾಲದೆ ಅಂತ ಅವನ ಲೆಕ್ಕ.

ಊರಿನ ಲೈಬ್ರರಿ ನೋಡಿಕೊಳ್ಳುವ ಚೈತ್ರಶ್ರೀ ಕುರ್ಚಿ ಎಳೆದುಕೊಂಡು ಕೂತಳು. "ಕೆಂಚಣ್ಣ, ಬಂದೋರು ಮತ್ತೆ ನನ್ನ ಮುಂದೇನೇ ನನ್ನ ಹುಡುಕಬಾರ್ದು. ಹೆಂಗಿದೀನೋ ಹಂಗೇ ತೆಗೀರಿ."

ಕೆಂಚೇಶನಿಗೆ ನಾಚಿಕೆಯಾಯಿತು. ಫ್ಲ್ಯಾಶನ್ನು ಸೂರಿನ ಕಡೆ ತಿರುಗಿಸಿ ಹೊಡೆದ. ಸೂರಿಗೆ ಹೊಸದಾಗಿ ಗಿಳಿಹಸಿರು ಬಳಿಸಿದ್ದರು. ಮುಖ ಹಾಗಲಕಾಯಿ ಆಯಿತು.

(ಒಂದೇ ವಾಕ್ಯದಲ್ಲಿ ಸೂರಿಗೆ ಸುಣ್ಣ ಹೊಡೆಸಿಬಿಡಬಹುದಿತ್ತು. ಬಣ್ಣ ಆರಿಸಿದ್ದ ಚೈತ್ರಶ್ರೀಯ ಅವ್ವ ಗಾದ್ರಮ್ಮ ಒಪ್ಪಲಿಲ್ಲ.)

ಆಕೆಯೇ ಒಳಗಿಂದ ಗಂಡನ ಒಗೆದಿಟ್ಟ ಬಿಳಿ ಪಂಚೆ ತಂದಳು. ಒಂದು ತುದಿ ತಾನು ಹಿಡಿದು, ಇನ್ನೊಂದನ್ನು ಗಂಡನ ಕೈಗೆ ಕೊಟ್ಟಳು. ಕೆಂಚೇಶ್ ಪಂಚೆಗೇ ಫ್ಲ್ಯಾಶ್ ಹೊಡೆದ. ಪಂಚೆಯಿಂದ ವಾಪಸು ಬಂದ ಬೆಳಕು ಮೆತ್ತಗೆ ಮುಖದ ಮೇಲೆ ಬಿತ್ತು. ತನ್ನ ಪಂಚೆ ತಾನೇ ಪರದೆಯಂತೆ ಹಿಡಿದು ನಿಂತ ಅಪ್ಪನನ್ನು ನೋಡಿ ಚೈತ್ರಶ್ರೀಗೆ ನಗು ಬಂದಿತ್ತು. ಎಣ್ಣೆಗಪ್ಪು ಮೈಬಣ್ಣ, ಗಲ್ಲದ ಗಾಯದ ಗೆರೆ, ಒಂದರ ಮೇಲೊಂದು ಹತ್ತಿದ ಹಲ್ಲು, ಎಲ್ಲಾ ಬಂತು.

ಸಣ್ಣತಿಮ್ಮಪ್ಪ ಕ್ಯಾಮೆರಾದೊಳಗೆ ಬಹಳ ಹೊತ್ತು ನೋಡಿದ.

"ನಮ್ಮವ್ವ ಇದ್ದಂಗೆ ಐತೆ," ಅಂದ. ಕಣ್ಣೊರೆಸಿಕೊಂಡ. ಆಮೇಲೆ, ಮದುವೆ ಬ್ರೋಕರ್ ಶರಣುಗೆ ಹಳೇದನ್ನೇ ಕಳಿಸು ಅಂದ.

೪
ಮುಕ್ತಾಯ ಒಂದು: ಹೊನ್ನಾಳಿ ಗಂಡು ಪಶ್ಚಾತ್ತಾಪಪಟ್ಟು ವಾಪಸು ಬರುತ್ತಾನೆ. ಉಪ್ಪಿಟ್ಟು ಮಾಡೋರು ಯಾರು ಅಂತ ಚೈತ್ರಶ್ರೀ ಅದನ್ನು ಹೊಡೆದುಹಾಕಿದಳು.

ಮುಕ್ತಾಯ ಎರಡು: ಕೆಂಚೇಶನ ಜೊತೆ ಮದುವೆ. "ಫೋಟೋ ಚೆನ್ನಾಗಿ ತೆಗೆದೋರನ್ನೆಲ್ಲ ಮದ್ವೆ ಆಗ್ತಾರೇನ್ರಿ?" ಅಂದಳು. ಕೆಂಚೇಶನ ಹೆಂಡತಿ ದುರ್ಗಾಂಬಿಕಾಗೂ ಇದು ಹಿಡಿಸಲಿಲ್ಲ.

ಆಗಿದ್ದು ಇಷ್ಟು. ಮಾರನೇ ಬೆಳಿಗ್ಗೆ ಚೈತ್ರಶ್ರೀ ಕೆಂಚೇಶನಿಂದ ತರಿಸಿಕೊಂಡ ಹೊಸ ಫೋಟೋವನ್ನು ತನ್ನ ಫೋನಿನಿಂದಲೇ ಶರಣುಗೆ ಕಳಿಸಿದಳು. ಅಪ್ಪನಿಗೆ ಹೇಳಿಯೇ ಕಳಿಸಿದಳು. ಅವನು ನಿನ್ನೆಯ ಪಂಚೆ ಕೊಡವಿ ಉಟ್ಟುಕೊಂಡ.

ಶರಣು ಕೇಳಿದ: "ಕರೆಂಟ್ ಇರ್ಲಿಲ್ವಾ?"

"ಇತ್ತು," ಅಂತ ಬರೆದಳು.

೫
ಹೊಸ ಫೋಟೋ ನೋಡಿದ ಗಂಡಿನ ಕಡೆಯವರು ಒಪ್ಪಿದರಾ ಅಂತ ತಾನೇ ನಿಮ್ಮ ಪ್ರಶ್ನೆ? ಶರಣು ಕೇಳೋದೂ ಅದನ್ನೇ. ಅವಳು ಅವರನ್ನು ಒಪ್ಪಿದಳಾ ಅಂತ ನೀವಿಬ್ಬರೂ ಕೇಳಲಿಲ್ಲ, ಹಾಗಾಗಿ ನಾನೂ ಹೇಳೋದಿಲ್ಲ. ಒಂಬತ್ತೂವರೆ ಆಗಿತ್ತು. ಚೈತ್ರಶ್ರೀ ಫೋನ್ ಚಾರ್ಜಿಗೆ ಹಾಕಿ, ಲೈಬ್ರರಿ ಬಾಗಿಲು ತೆಗೆಯಲು ಹೊರಟಳು.