ಝೋಯಾಳ ಎಡ ಮಂಡಿ

"ಒತ್ತಬೇಡ," ಎಂದಳು ಝೋಯಾ.

ವಾಣಿಶ್ರೀ ಒತ್ತಿರಲೇ ಇಲ್ಲ. ಅಂಗೈಯನ್ನು ಸುಮ್ಮನೆ ಅವಳ ಎಡ ಮಂಡಿಯ ಮೇಲೆ ಇಟ್ಟಿದ್ದಳು, ಅಷ್ಟೆ. ಚರ್ಮ ಸುಡುತ್ತಿತ್ತು. ಚಿಪ್ಪಿನ ಎರಡೂ ಬದಿಯ ಗುಳಿಗಳು ಮುಚ್ಚಿಹೋಗಿ ಮಂಡಿ ಗುಂಡಗಾಗಿತ್ತು. ಒಳಗೆ ನೀರು ತುಂಬಿದೆ ಎಂದು ತಿಳಿಯಲು ಸ್ಕ್ಯಾನ್ ಬೇಕಿರಲಿಲ್ಲ. ಹೊರಮಗ್ಗುಲಲ್ಲಿ ಸೂಜಿ ಚುಚ್ಚಿದ ಹೊಸ ಗುರುತೊಂದಿತ್ತು.

"ಈ ಇಂಜೆಕ್ಷನ್ ಯಾರು ಕೊಟ್ಟರು?"

"ಒಬ್ಬ ಡಾಕ್ಟರು. ನಮ್ಮ ತಂಡದವರಲ್ಲ."

"ಎಷ್ಟನೇ ಸಲ?"

ಝೋಯಾ ಗೋಡೆಯ ಕಡೆ ಮುಖ ಮಾಡಿದಳು. ಆರಡಿ ನಾಲ್ಕಂಗುಲದ ಹೆಂಗಸು. ಅವಳ ಪಾದಗಳು ಮಲಗಿದ್ದ ಮೇಜಿನ ಅಂಚು ದಾಟಿ ಹೊರಗೆ ಚಾಚಿದ್ದವು. ಪಕ್ಕದ ಆಟದ ಹಾಲ್‌ನಿಂದ ಚೆಂಡು ನೆಲಕ್ಕೆ ಬಡಿಯುವ ಸದ್ದೂ ಹುಡುಗಿಯರ ಕೂಗೂ ಕೇಳುತ್ತಿದ್ದವು. ಸ್ಯಾನ್ ಫ್ರಾನ್ಸಿಸ್ಕೋದ ಆ ಮಹಿಳಾ ವಾಲಿಬಾಲ್ ತಂಡಕ್ಕೆ ವಾಣಿಶ್ರೀ ಫಿಸಿಯೋಥೆರಪಿಸ್ಟ್. ಯಾರು ಆಡಬಹುದು, ಯಾರು ಕೂರಬೇಕು ಎಂದು ಕೋಚ್ ಮೊದಲು ಕೇಳುವುದು ಅವಳನ್ನೇ.

"ವಾಣಿ, ಸೀಸನ್ ಮುಗಿಯುವವರೆಗೆ ಯಾರಿಗೂ ಹೇಳಬೇಡ," ಎಂದಳು ಝೋಯಾ. ಅವಳ ಇಂಗ್ಲಿಷಿನಲ್ಲಿ ಪ್ರತಿ ಮಾತೂ ಲೆಕ್ಕ ಹಾಕಿ ಇಟ್ಟಂತಿರುತ್ತಿತ್ತು. "ಆಡುವ ತನಕ ನಾನು ಇಲ್ಲಿ ಇರಬಹುದು. ಆಡದಿದ್ದರೆ ಇಲ್ಲ."

ಅದರ ಅರ್ಥ ವಾಣಿಶ್ರೀಗೆ ಬಿಡಿಸಿ ಹೇಳಬೇಕಿರಲಿಲ್ಲ. ಝೋಯಾ ಉರಾಲ್ ಬೆಟ್ಟಗಳ ಕಡೆಯ ಒಂದು ಉಕ್ಕಿನ ಊರಿನವಳು. ಶಾಲೆಗೆ ಬಂದ ಕೋಚ್ ಒಬ್ಬಳು ಮಕ್ಕಳ ಕೈಗಳನ್ನು ಅಳೆದು, ಇವಳ ತಾಯಿಯ ಎತ್ತರವನ್ನೂ ಕೇಳಿ, ಕ್ರೀಡಾ ಹಾಸ್ಟೆಲಿಗೆ ಕರೆದೊಯ್ದಿದ್ದಳು. ನೆಟ್ಟಿನ ನಡುವೆ ನಿಂತು ಎದುರಾಳಿಯ ಹೊಡೆತ ತಡೆಯುವುದೇ ಅವಳ ಬಾಳಾಯಿತು. ರಷ್ಯಾದ ರಾಷ್ಟ್ರೀಯ ತಂಡ ಸೇರಿದಳು. ಕಾರ್ಖಾನೆಯ ಬಸ್ಸು ಓಡಿಸುತ್ತಿದ್ದ ಅಪ್ಪ ಪತ್ರಿಕೆಗಳಲ್ಲಿ ಬಂದ ಅವಳ ಚಿತ್ರಗಳನ್ನು ಅಡುಗೆಮನೆ ಗೋಡೆಗೆ ಅಂಟಿಸಿದ್ದ. ಯುದ್ಧ ಶುರುವಾಯಿತು; ರಷ್ಯಾದ ತಂಡಗಳು ಹೊರದೇಶಗಳ ಪಂದ್ಯಗಳಿಂದ ಹೊರಬಿದ್ದವು. ಅವಳು ಫೋನಿನಲ್ಲಿ ಯುದ್ಧದ ವಿರುದ್ಧ ಎರಡು ಸಾಲು ಬರೆದು ಹಾಕಿದಳು. ಅವಳು ಆಡುತ್ತಿದ್ದ ಕ್ಲಬ್ಬು ಅವಳನ್ನು ಕೈಬಿಟ್ಟಿತು, ಅವಳ ಮೇಲೆ ಕೇಸು ಬಿತ್ತು. ಅಪ್ಪ ಫೋನ್ ಮಾಡಿ, "ಇದನ್ನೆಲ್ಲ ನಿನಗೆ ಯಾರು ಹೇಳಿಕೊಟ್ಟರು?" ಎಂದು ಒಂದೇ ಪ್ರಶ್ನೆ ಕೇಳಿದ. ಆಮೇಲೆ ಮಾತಿಲ್ಲ. ಅಮ್ಮ ಮಾತ್ರ ಪಕ್ಕದ ಮನೆಯವರ ಫೋನಿನಿಂದ ಆಗಾಗ ಮಾತಾಡುತ್ತಾಳೆ. ಟರ್ಕಿಯಲ್ಲಿ ಆಡಿ, ಅಲ್ಲಿಂದ ಇಲ್ಲಿಗೆ ಬಂದಾಗ ಝೋಯಾಳಿಗೆ ಮೂವತ್ತು ದಾಟಿತ್ತು.

ವಾಣಿಶ್ರೀ ಮಂಡಿಗೆ ಐಸ್ ಕಟ್ಟಿದಳು. "ನೋಡೋಣ," ಎಂದಳು. ಹಾಗೆ ಹೇಳಿದ್ದೇ ಒಪ್ಪಿದಂತಾಯಿತು ಎಂದು ಅವಳಿಗೆ ಗೊತ್ತಿತ್ತು.

ಆ ಸಂಜೆ ಯೂನಿಯನ್ ಸಿಟಿಯ ಮನೆಯಲ್ಲಿ ಗಂಡನಿಗೆ ವಿಷಯ ಹೇಳಿದಳು. ಮಧುಕರ್ ಪಾತ್ರೆ ತೊಳೆಯುತ್ತಿದ್ದ. ಮದ್ದೂರಿನ ಕಾಲೇಜಿನಲ್ಲಿ ವಾಲಿಬಾಲ್ ಆಡಿದವನು. ಝೋಯಾ ಊಟಕ್ಕೆ ಬಂದ ಮೊದಲ ದಿನವೇ ಮನೆ ಮುಂದಿನ ಡ್ರೈವ್‌ವೇನಲ್ಲಿ ನಿಂತು ಅವಳಿಂದ ಸರ್ವೀಸ್ ಹಾಕಿಸಿಕೊಂಡು, ಕೈ ಕೆಂಪಾದರೂ ಮಗುವಿನ ಹಾಗೆ ನಕ್ಕಿದ್ದ.

"ಹೇಳ್ಬಿಡೇ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಿನ್ನ ಲೈಸೆನ್ಸಿಗೇ ಬರುತ್ತೆ," ಎಂದ.

"ಹೇಳಿದ್ರೆ ಅವಳನ್ನ ಕೂರಿಸ್ತಾರೆ. ಕಾಂಟ್ರಾಕ್ಟು ಹೋಗುತ್ತೆ, ವೀಸಾ ಹೋಗುತ್ತೆ. ಆಮೇಲೆ ಅವಳು ಎಲ್ಲಿಗೆ ಹೋಗ್ಬೇಕು?"

"ಅದನ್ನ ಅವಳ ಲಾಯರ್ ನೋಡ್ಕೋಬೇಕು."

"ಲಾಯರ್ ನೋಡ್ಕೋತಾರೆ ಅಂತ್ಲೇ ನಾನೂ ಮನೇಲಿ ಕೂತಿದ್ದೆ. ಮರ್ತ್‌ಹೋಯ್ತಾ ನಿಮ್ಗೆ?"

ಮಧುಕರ್ ನಲ್ಲಿ ನಿಲ್ಲಿಸಿದ. ಬೆಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವಳು ಅವನ ವೀಸಾದ ಬಾಲ ಹಿಡಿದು ಬಂದು, ಕೆಲಸ ಮಾಡುವ ಹಕ್ಕಿಲ್ಲದೆ, ಇದೇ ಅಡುಗೆಮನೆಯ ಕಿಟಕಿಯಿಂದ ಬೇರೆಯವರು ಆಫೀಸಿಗೆ ಹೋಗುವುದನ್ನು ನೋಡುತ್ತ ವರ್ಷಗಳನ್ನು ಕಳೆದಿದ್ದಳು. ಆ ದಿನಗಳ ಬಗ್ಗೆ ಅವರಿಬ್ಬರೂ ಮಾತಾಡುತ್ತಿರಲಿಲ್ಲ.

"ನಿನ್ ಕಥೆ ಬೇರೆ ವಾಣಿ," ಎಂದ ಅವನು, ದನಿ ತಗ್ಗಿಸಿ. "ನೀನು ಸುಮ್ನೆ ಕೂತಿದ್ರಿಂದ ಯಾರ ಕಾಲೂ ಮುರೀಲಿಲ್ಲ."

ಶನಿವಾರದ ಪಂದ್ಯಕ್ಕೆ ಮುಂಚೆ ಕೋಚ್ ಬಂದು, "ಝೋಯಾ ಹೇಗಿದ್ದಾಳೆ?" ಎಂದು ಕೇಳಿದಳು.

"ಸ್ವಲ್ಪ ಊತ ಇದೆ. ಆಡಬಹುದು," ಎಂದಳು ವಾಣಿಶ್ರೀ.

ಮೊದಲ ಎರಡು ಸೆಟ್‌ಗಳಲ್ಲಿ ಝೋಯಾ ಆಡಿದ ಆಟ ಕಂಡು ವಾಣಿಶ್ರೀ ತನ್ನ ಭಯಕ್ಕೆ ತಾನೇ ನಾಚಿದಳು. ಎದುರಿನವರ ಹೊಡೆತ ಎಲ್ಲಿಗೆ ಬರುತ್ತದೆಂದು ಚೆಂಡಿಗಿಂತ ಮೊದಲೇ ಗೊತ್ತಿದ್ದವಳಂತೆ ಅವಳ ಕೈಗಳು ನೆಟ್ಟಿನ ಮೇಲೆ ಕಾಯುತ್ತಿದ್ದವು. ಅವಳ ಮಗ್ಗುಲಲ್ಲಿ ಆಡುತ್ತಿದ್ದವಳು ಟೆಸ್ಸಾ, ಆಗಷ್ಟೇ ಕಾಲೇಜು ಮುಗಿಸಿ ಬಂದ ಪಾಲೋ ಆಲ್ಟೋದ ಹುಡುಗಿ. ಪ್ರತಿ ಪಾಯಿಂಟಿಗೂ ಓಡಿಬಂದು ಝೋಯಾಳ ಸೊಂಟ ತಬ್ಬುತ್ತಿದ್ದಳು. ಅವಳ ತಲೆ ಝೋಯಾಳ ಗಲ್ಲದವರೆಗೆ ಬರುತ್ತಿತ್ತು, ಅಷ್ಟೆ.

ಮೂರನೇ ಸೆಟ್ಟಿನಲ್ಲಿ ಹೊಡೆತ ಬದಿಯಿಂದ ಬಂತು. ಟೆಸ್ಸಾ ಅಲ್ಲಿ ಜಿಗಿಯಲು ಸಿದ್ಧಳಾಗಿದ್ದಳು. ಝೋಯಾ ನಡುವಿನಿಂದ ಅಡ್ಡಡ್ಡ ಓಡಿ ಅವಳ ಪಕ್ಕ ಸೇರಬೇಕಿತ್ತು. ಓಡಿದಳು ಕೂಡ, ಆದರೆ ಕೊನೆಯ ಹೆಜ್ಜೆಯಲ್ಲಿ ಎಡ ಮಂಡಿ ಅವಳನ್ನು ತಡೆದು ನಿಲ್ಲಿಸಲಿಲ್ಲ. ನೆಟ್ಟಗೆ ಮೇಲಕ್ಕೆ ಹೋಗಬೇಕಾದ ದೇಹ ಗಾಳಿಯಲ್ಲಿ ಬದಿಗೆ ತೇಲಿತು. ಟೆಸ್ಸಾಳ ಪಾದ ಮೊದಲು ನೆಲ ಮುಟ್ಟಿತು. ಅದರ ಮೇಲೆ ಝೋಯಾಳ ಪೂರ್ತಿ ಭಾರ ಇಳಿಯಿತು.

ಕೂಗು ಕೇಳುವ ಮೊದಲೇ ವಾಣಿಶ್ರೀ ಓಡಿದ್ದಳು. ಟೆಸ್ಸಾಳ ಕಣಕಾಲು ತಿರುಗಬಾರದ ಕಡೆ ತಿರುಗಿತ್ತು. ಹುಡುಗಿ ಕಾಲನ್ನು ನೋಡದೆ ವಾಣಿಶ್ರೀಯ ಮುಖ ನೋಡಿ, "ಬರೀ ಉಳುಕು ತಾನೇ? ಹೇಳು, ಬರೀ ಉಳುಕು ತಾನೇ?" ಎಂದು ಮತ್ತೆ ಮತ್ತೆ ಕೇಳಿದಳು. ಝೋಯಾ ನೆಟ್ಟಿನ ಕೆಳಗೆ ಕೈ, ಮಂಡಿ ಊರಿ ಬಾಗಿ ರಷ್ಯನ್ ಭಾಷೆಯಲ್ಲಿ ಏನೋ ಹೇಳುತ್ತಿದ್ದಳು. ಅದು ಅಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ಮೂಳೆ ಎರಡು ಕಡೆ ಮುರಿದಿತ್ತು. ಆಟದಲ್ಲಿ ಇದೆಲ್ಲ ಆಗುತ್ತದೆ, ಯಾರ ತಪ್ಪೂ ಅಲ್ಲ ಎಂದರು ಎಲ್ಲರೂ. ಕೋಚ್ ಝೋಯಾಳನ್ನು ತಬ್ಬಿಕೊಂಡು ಬೆನ್ನು ಸವರಿದಳು. ಎಲ್ಲರೂ ಹೋದ ಮೇಲೆ ಝೋಯಾ ಕಾರಿಡಾರಿನಲ್ಲಿ ವಾಣಿಶ್ರೀಯ ತೋಳು ಹಿಡಿದಳು.

"ನೀನು ಏನೂ ಹೇಳಬೇಡ."

ವಾಣಿಶ್ರೀಗೆ ಒಮ್ಮೆಲೇ ಸಿಟ್ಟು ಬಂತು. "ಈಗಲೂ ನಿನ್ನದೇ ಚಿಂತೆಯಾ?"

"ನಾನು ಹೇಳುತ್ತೇನೆ. ನಾನೊಬ್ಬಳೇ."

ಸೋಮವಾರ ಕೋಚ್ ಮತ್ತು ತಂಡದ ಮ್ಯಾನೇಜರ್ ಎದುರು ಝೋಯಾ ಪ್ಯಾಂಟಿನ ಕಾಲು ಮೇಲೆತ್ತಿ ಮಂಡಿ ತೋರಿಸಿದಳು. ಹೊರಗೆ ಹಾಕಿಸಿಕೊಂಡ ಇಂಜೆಕ್ಷನ್, ರಾತ್ರಿಯ ನೋವು, ಮೆಟ್ಟಿಲಿಳಿಯಲು ಆಗದ್ದು ಎಲ್ಲವನ್ನೂ ಹೇಳಿದಳು. ಮ್ಯಾನೇಜರ್ ವಾಣಿಶ್ರೀಯ ಕಡೆ ತಿರುಗುವ ಮೊದಲೇ, "ಅವಳಿಗೂ ಗೊತ್ತಿರಲಿಲ್ಲ. ಅವಳಿಗೂ ಸುಳ್ಳು ಹೇಳಿದ್ದೆ," ಎಂದು ಸೇರಿಸಿದಳು.

ತಪ್ಪಿಸಿಕೊಳ್ಳುವ ಬಾಗಿಲನ್ನು ಝೋಯಾ ತೆರೆದಿಟ್ಟಿದ್ದಳು. ವಾಣಿಶ್ರೀ ಸುಮ್ಮನಿದ್ದರೆ ಸಾಕಿತ್ತು. ಅವಳು ಸುಮ್ಮನಿದ್ದಳು ಕೂಡ. ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕುವಷ್ಟು ಹೊತ್ತು, ಕೋಚ್ ಕುರ್ಚಿ ಹಿಂದಕ್ಕೆ ಸರಿಸುವಷ್ಟು ಹೊತ್ತು. ಮನಸ್ಸಿನಲ್ಲಿ ಟೆಸ್ಸಾ ಇರಲಿಲ್ಲ. ಲೈಸೆನ್ಸು ಇತ್ತು, ಅಡುಗೆಮನೆಯ ಕಿಟಕಿ ಇತ್ತು.

"ನನಗೆ ಗೊತ್ತಿತ್ತು," ಎಂದಳು.

ಝೋಯಾ ಕಣ್ಣು ಮುಚ್ಚಿದಳು.

ವಾಣಿಶ್ರೀಯನ್ನು ಅದೇ ದಿನ ಮನೆಗೆ ಕಳಿಸಿದರು. ಲೈಸೆನ್ಸ್ ಬೋರ್ಡಿನ ವಿಚಾರಣೆ ಶುರುವಾಯಿತು. ಅದು ಎಂದು ಮುಗಿಯುತ್ತದೋ ಯಾರಿಗೂ ತಿಳಿಯದು. ಮಧುಕರ್ "ಹೇಳಿದ್ದೆನಲ್ಲ" ಎಂಬ ಮಾತನ್ನು ಒಮ್ಮೆಯೂ ಆಡಲಿಲ್ಲ. ಬೆಳಿಗ್ಗೆ ಅವನು ಲಂಚ್ ಬಾಕ್ಸ್ ಹಿಡಿದು ಹೊರಟಾಗ ಅವಳು ಕಿಟಕಿಯ ಬಳಿ ನಿಲ್ಲದೆ ಹಿತ್ತಿಲಿಗೆ ಹೋಗುತ್ತಿದ್ದಳು. ಝೋಯಾಳ ಕಾಂಟ್ರಾಕ್ಟು ರದ್ದಾಯಿತು. ಇಲ್ಲೇ ಆಶ್ರಯ ಕೊಡಿ ಎಂದು ಲಾಯರ್ ಅರ್ಜಿ ಹಾಕಿದ. ವಾಲಿಬಾಲ್ ಬಿಟ್ಟು ಏನು ಬರುತ್ತದೆ ಎಂಬ ಅವನ ಪ್ರಶ್ನೆಗೆ ಝೋಯಾ ತುಂಬ ಯೋಚಿಸಿ, ಕಾರು ಓಡಿಸಲು ಬರುತ್ತದೆ ಎಂದಳಂತೆ.

ಟೆಸ್ಸಾ ಇಬ್ಬರ ಫೋನನ್ನೂ ಎತ್ತಲಿಲ್ಲ. ಕಾಲಿಗೆ ಪ್ಲೇಟು ಹಾಕಿದ ಆಪರೇಷನ್ ಆಗಿ ತಿಂಗಳು ಕಳೆದ ಮೇಲೆ, ಭಾನುವಾರ ಮಧ್ಯಾಹ್ನ ಬರಬಹುದು ಎಂದು ಮೆಸೇಜ್ ಕಳಿಸಿದಳು. ವಾಣಿಶ್ರೀ ಝೋಯಾಳನ್ನು ಹತ್ತಿಸಿಕೊಂಡು ಸೇತುವೆ ದಾಟಿ ಪಾಲೋ ಆಲ್ಟೋಗೆ ಹೋದಳು.

ಟೆಸ್ಸಾಳ ತಾಯಿ ಬಾಗಿಲು ತೆರೆದು, ನಗದೆ ಪಕ್ಕಕ್ಕೆ ಸರಿದು ನಿಂತರು. ಟೆಸ್ಸಾ ಸೋಫಾದಲ್ಲಿ ಕಾಲನ್ನು ದಿಂಬಿನ ಮೇಲಿಟ್ಟು ಕೂತಿದ್ದಳು. ಟಿ.ವಿ.ಯಲ್ಲಿ ಅವರದೇ ತಂಡದ ಪಂದ್ಯ ನಡೆಯುತ್ತಿತ್ತು.

"ಇಬ್ಬರಿಗೂ ಗೊತ್ತಿತ್ತು," ಎಂದಳು ಟೆಸ್ಸಾ, ಟಿ.ವಿ.ಯಿಂದ ಕಣ್ಣು ತೆಗೆಯದೆ.

"ಹೌದು," ಎಂದಳು ವಾಣಿಶ್ರೀ. "ಗೊತ್ತಿತ್ತು. ಕ್ಷಮಿಸು ಅಂತ ಕೇಳೋಕೂ ನನಗೆ ಮುಖ ಇಲ್ಲ."

"ಮತ್ತೆ ಆಡೋಕೆ ಆಗುತ್ತೋ ಇಲ್ಲವೋ, ಡಾಕ್ಟರು ಹೇಳ್ತಿಲ್ಲ," ಎಂದು ಟೆಸ್ಸಾ ಝೋಯಾಳ ಕಡೆ ತಿರುಗಿದಳು. "ನಿನ್ನ ಪಕ್ಕ ನಿಂತರೆ ನನಗೆ ಏನೂ ಆಗಲ್ಲ ಅಂದ್ಕೊಂಡಿದ್ದೆ."

ಝೋಯಾ ಎಡಗಾಲಿನ ಭಾರ ಬಿಟ್ಟು ಗೋಡೆಗೆ ಒರಗಿ ನಿಂತಳು. ಕೂರು ಎಂದು ಯಾರೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಒಳಗೆಲ್ಲೋ ಬಟ್ಟೆ ಒಗೆಯುವ ಯಂತ್ರ ಗುರುಗುಟ್ಟುತ್ತಿತ್ತು. ಟೆಸ್ಸಾ ಮತ್ತೆ ಟಿ.ವಿ.ಯ ಕಡೆ ತಿರುಗಿದಳು. ಝೋಯಾಳ ಜಾಗದಲ್ಲಿ ಈಗ ಯಾರೋ ಹೊಸ ಹುಡುಗಿ ಆಡುತ್ತಿದ್ದಳು. ಎದುರು ತಂಡದವಳು ಚೆಂಡನ್ನು ಎತ್ತರಕ್ಕೆ ಎತ್ತಿಕೊಟ್ಟಳು. ಹೊಸ ಹುಡುಗಿ ತಡೆಯಲು ಜಿಗಿದಳು.

ಬಾಗಿಲ ಬಳಿ ನಿಂತಿದ್ದ ವಾಣಿಶ್ರೀ ನೋಡಿದಳು. ಸೋಫಾದಲ್ಲಿ ಕೂತಿದ್ದವಳ ಭುಜಗಳೂ ಗೋಡೆಗೆ ಒರಗಿ ನಿಂತಿದ್ದವಳ ಭುಜಗಳೂ ಒಂದೇ ಕ್ಷಣದಲ್ಲಿ ಕೊಂಚ ಮೇಲೆದ್ದು, ಚೆಂಡು ನೆಲಕ್ಕೆ ಬಿದ್ದ ಮೇಲೆ ಮೆಲ್ಲನೆ ಇಳಿದವು.