ಹಳದಿ ಗೂಟ

ಯಾವ ತೀರಕ್ಕೆ ಹೋಗುವುದೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಅತ್ತೆ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಅವರ ತಂಗಿ, ಮನೆಮಂದಿಗೆಲ್ಲ ಚಿಕ್ಕಮ್ಮ, ಕೈಚೀಲವನ್ನು ಎದೆಗವಚಿಕೊಂಡಿದ್ದರು. ದೂರದ ಊರಿನಿಂದ ಬಂದಿದ್ದ, ಅರವತ್ತು ದಾಟಿದ ಈ ಇಬ್ಬರೂ ಇವತ್ತಿನವರೆಗೆ ಕಡಲು ಕಂಡವರಲ್ಲ.

"ಅಳಿಯಂದ್ರನ್ನ ಕೇಳೋಣ. ಸಮುದ್ರದಲ್ಲೇ ಇರೋರು ಅವರು," ಎಂದರು ಅತ್ತೆ.

"ಸಮುದ್ರದಲ್ಲಿರೋದು ಮೀನು ಕಣಕ್ಕ. ಇವರು ದಡದಲ್ಲಿರ್ತಾರೆ."

ಅಳಿಯ ನಗಲಿಲ್ಲ. ವಾರಕ್ಕೆರಡು ಸಲ ಊರಿನ ಮೂರು ತೀರಗಳಿಂದ ನೀರು ಹಿಡಿದು ತಂದು, ಅದರಲ್ಲಿ ಮಲದ ರೋಗಾಣು ಎಷ್ಟಿದೆ ಎಂದು ಪ್ರಯೋಗಾಲಯದಲ್ಲಿ ಎಣಿಸುವುದು ಅವನ ಕೆಲಸ. ಸಂಜೆ ತರಗತಿಗೆ ಹೋಗಿ ಓದಿ ಹಿಡಿದ ಕೆಲಸ. ಕಡಲು ಎಂದರೆ ಬೇರೆಯವರಿಗೆ ಏನು ನೆನಪಾಗುತ್ತದೋ ಅವನಿಗೆ ಗೊತ್ತಿಲ್ಲ. ಅವನಿಗೆ ನೆನಪಾಗುವುದು ಗಾಜಿನ ತಟ್ಟೆಯಲ್ಲಿ ಮರುದಿನಕ್ಕೆ ಹುಟ್ಟಿಕೊಂಡಿರುವ ರೋಗಾಣುಗಳ ನೀಲಿ ಚುಕ್ಕಿಗಳು. ಊಟಕ್ಕೆ ಕೂರುವ ಮುಂಚೆ ಕೈಯನ್ನು ಮೂರು ಸಲ ತೊಳೆದು, ಮೂಸಿ ನೋಡಿ, ನಾಲ್ಕನೇ ಸಲ ತೊಳೆಯುತ್ತಿದ್ದ.

ಬಂದರಿನ ಪಕ್ಕದ ತೀರದಲ್ಲಿ ಮೀನಿನ ಕರುಳು ತೇಲುತ್ತಿರುತ್ತದೆ. ಬಂಡೆಗಳ ತೀರ ಶುಭ್ರ, ಆದರೆ ಇಳಿಯಲು ತೊಂಬತ್ತು ಮೆಟ್ಟಿಲು. ಉಳಿದದ್ದು ಬಸ್ ನಿಲ್ದಾಣದ ಎದುರಿನ ದೊಡ್ಡ ತೀರ. ಅದು ಬೇಡವೆನ್ನಲು ಅವನ ಬಳಿ ಕಾರಣವಿತ್ತು. ಹೇಳುವಂತಿರಲಿಲ್ಲ.

"ಬಂಡೆ ಕಡೆ ಹೋಗೋಣ. ಮೇಲಿಂದ ಚೆನ್ನಾಗಿ ಕಾಣತ್ತೆ," ಎಂದ.

"ರೀ, ಅಮ್ಮನ ಮಂಡಿ ನೋಡಿ ಮಾತಾಡ್ತಿದೀರಾ?" ಎಂದಳು ಹೆಂಡತಿ. "ದೊಡ್ಡ ತೀರಕ್ಕೆ ಏನಾಗಿದೆ? ಹಸಿರು ಬೋರ್ಡಿದೆ. ಕೆಳಗೆ ನಿಮ್ಮದೇ ಸಹಿ ಇದೆ. ಅದನ್ನ ಅಮ್ಮಂಗೆ ತೋರಿಸ್ಬೇಕು ನಾನು."

ಎರಡು ವರ್ಷದ ಹಿಂದೆ ಆ ಬೋರ್ಡು ಐದು ವಾರ ಒಂದೇ ಸಮ ಕೆಂಪಾಗಿತ್ತು, ನೀರಿಗೆ ಇಳಿಯಬೇಡಿ ಎಂದು. ಊರಿನ ಚರಂಡಿಗಳೆಲ್ಲ ಕೂಡಿ ಒಂದು ಮೋರಿಯಾಗಿ ಕಡಲಿಗೆ ಬೀಳುವುದು ಅಲ್ಲಿಯೇ. ನೀರು ಹಿಡಿಯುವ ಜಾಗದ ಗುರುತಿಗೆ ಮೋರಿಯ ಬಾಯಲ್ಲಿ ಒಂದು ಹಳದಿ ಗೂಟ ನೆಟ್ಟಿತ್ತು. ವ್ಯಾಪಾರ ಬಿದ್ದುಹೋಯಿತೆಂದು ತೀರದ ಅಂಗಡಿಯವರ ದೂರು ಹೆಚ್ಚಾದಾಗ ಮೇಲಧಿಕಾರಿ ಅವನನ್ನು ಕರೆಸಿದರು. ಮಾತು ಸಿಹಿಯೆಂದು ಬೆನ್ನ ಹಿಂದೆ ಎಲ್ಲರೂ ಅವರನ್ನು ಸಕ್ಕರೆ ಸಾಹೇಬರೆನ್ನುತ್ತಿದ್ದರು. "ಅಂಕಿ ತಿದ್ದಿ ಅಂತ ನಾನು ಯಾವತ್ತಾದ್ರೂ ಹೇಳಿದೀನಾ? ಗೂಟ ಒಂಚೂರು ಆಚೆ ಇಡಿ, ಅಷ್ಟೇ." ಗೂಟ ಕಿತ್ತು, ಹೆಗಲ ಮೇಲೆ ಹೊತ್ತು, ತೀರದ ಇನ್ನೊಂದು ತುದಿಗೆ ನಡೆದವನು ಅವನೇ. ಮರುವಾರ ಬೋರ್ಡು ಹಸಿರಾಯಿತು. ತಾನು ಬರೆದ ಒಂದು ಅಂಕಿಯೂ ಸುಳ್ಳಲ್ಲ ಎಂದು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ, ಈಗ ಆ ಮಾತಿಗೂ ಮೋರಿಯ ವಾಸನೆ ಬರುತ್ತಿತ್ತು.

ಕೊನೆಗೆ ದೊಡ್ಡ ತೀರವೇ ಎಂದಾಯಿತು. ಬಸ್ಸಿನಲ್ಲಿ ಕೂತು ಒಂದು ಉಪಾಯ ಹುಡುಕಿಕೊಂಡ. ಇಳಿದವರನ್ನು ನೇರ ಈಗ ಗೂಟವಿರುವ ತುದಿಗೆ ಕರೆದುಕೊಂಡು ಹೋಗುವುದು. ಅಲ್ಲಿಯ ನೀರು ಪರವಾಗಿಲ್ಲ.

ಆದರೆ ಮೊದಲು ಬೋರ್ಡು ನೋಡಬೇಕಾಯಿತು. ಹೆಂಡತಿ ಗಟ್ಟಿಯಾಗಿ ಓದಿದಳು: "ಈ ನೀರು ಸ್ನಾನಕ್ಕೆ ಯೋಗ್ಯ." ಅತ್ತೆ ಅವನ ಸಹಿಯ ಮೇಲೆ ಬೆರಳಾಡಿಸಿದರು. "ಅಕ್ಷರ ಎಷ್ಟು ಗುಂಡಗಿದೆ," ಎಂದರು. ಅವನು ಅತ್ತ ನೋಡಲಿಲ್ಲ. ಬೋರ್ಡಿನ ಬುಡದಲ್ಲಿ ಯಾರೋ ಎಸೆದ ಮಗುವಿನ ಡೈಪರ್ ನೀರು ಕುಡಿದು ಊದಿಕೊಂಡಿತ್ತು. ಅದರ ಮೇಲೆ ನೊಣಗಳಿದ್ದವು.

ಅಲೆಗಳನ್ನು ಕಂಡು ಅತ್ತೆ ನಿಂತೇಬಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು, "ಇದು ನಿಲ್ಲೋದೇ ಇಲ್ವಾ?"

"ನಿನ್ನ ಬಾಯಿ ಥರ," ಎಂದರು ಚಿಕ್ಕಮ್ಮ. ಹಾಗೆನ್ನುತ್ತಲೇ ಎರಡು ಹೆಜ್ಜೆ ಹಿಂದೆ ಸರಿದರು.

"ಆ ಕಡೆ ಹೋಗೋಣ ಅತ್ತೆ, ಆ ತುದಿಗೆ," ಎಂದ ಅವನು. ಅಷ್ಟರಲ್ಲಿ ಹೆಂಡತಿ ನಾಲ್ವರ ಚಪ್ಪಲಿಯನ್ನೂ ಅವನ ಕೈಗೆ ಹೇರಿದಳು. ಎಂಟು ಚಪ್ಪಲಿ. ಎರಡು ಜಾರಿ ಬಿದ್ದವು. ಬಗ್ಗಿ ಎತ್ತಿಕೊಂಡು ನೋಡುವಷ್ಟರಲ್ಲಿ ಅಕ್ಕತಂಗಿಯರು ಅಲೆಗಳಿಗೆ ಹೆದರಿ ಎಡಕ್ಕೆ ತಿರುಗಿಬಿಟ್ಟಿದ್ದರು. ಅಲ್ಲಿ ನೀರು ಮರಳಿನ ಮೇಲೆ ತೆಳ್ಳಗೆ ಹರಡಿ, ಅಲೆಯಿಲ್ಲದೆ, ಬೆಚ್ಚಗೆ ನಿಂತಿತ್ತು. ಎರಡು ಮೂರು ಮಕ್ಕಳು ಕೂತು ಆಡುತ್ತಿದ್ದವು.

"ಇಲ್ಲೊಂದು ನದಿ ಬಂದು ಸೇರತ್ತೆ ನೋಡೇ," ಎನ್ನುತ್ತಿದ್ದರು ಅತ್ತೆ.

ಅವನು ಓಡಿದ. ಬೂದುಬಣ್ಣದ ನೊರೆ ಅತ್ತೆಯ ಕಾಲ್ಬೆರಳುಗಳ ನಡುವೆ ನುಗ್ಗುತ್ತಿತ್ತು. ಉದುರಿದ ಕೂದಲಿನ ಉಂಡೆಯೊಂದು ಹಿಮ್ಮಡಿಗೆ ತಗುಲಿ ಅಲ್ಲೇ ಸುತ್ತುತ್ತಿತ್ತು. ನೆರೆಮನೆಯವರಿಗೆ ತೋರಿಸಲು ಒಂದಿಷ್ಟು ಕಡಲು ಒಯ್ಯಬೇಕೆಂದು ಅವರು ಆಸೆಪಟ್ಟಿದ್ದರಿಂದ, ಪ್ರಯೋಗಾಲಯದ ಶುದ್ಧ ಬಾಟಲಿಯೊಂದನ್ನು ಅವನೇ ತಂದುಕೊಟ್ಟಿದ್ದ. ಅದನ್ನು ತುಂಬಿ, ಮುಚ್ಚಳ ಬಿಗಿದು, ಅವರು ಬೊಗಸೆಯಲ್ಲಿ ನೀರೆತ್ತಿದರು. 'ಬೇಡ' ಎನ್ನಲು ಬಾಯಿ ತೆರೆದ. ಹೆಂಡತಿ ನಗುತ್ತಾ ಹಿಂದೆಯೇ ಬರುತ್ತಿದ್ದಳು. ಒಂದು ಉಸಿರಿನಷ್ಟು ಹೊತ್ತು ತಡವಾಯಿತು; ನೀರು ಆಗಲೇ ಅತ್ತೆಯ ಬಾಯಿ ಸೇರಿತ್ತು.

ಅತ್ತೆ ತುಟಿ ಒರೆಸಿಕೊಂಡು ಅವನತ್ತ ತಿರುಗಿದರು. "ಕಡಲು ಉಪ್ಪು ಅಂತಾರಲ್ಲ ಅಳಿಯಂದ್ರೇ ಎಲ್ಲರೂ. ಇದಕ್ಕೆ ಉಪ್ಪೇ ಇಲ್ಲ."

"ಉಗೀರಿ ಅತ್ತೆ. ಅದು ಕಡಲಲ್ಲ. ಮೋರಿ ನೀರು."

ಚಿಕ್ಕಮ್ಮ ಸರಕ್ಕನೆ ಕಾಲೆತ್ತಿ ಒಣಮರಳಿಗೆ ಹಾರಿದರು. ಕೈಚೀಲದಲ್ಲಿದ್ದ ಕುಡಿಯುವ ನೀರಿನಿಂದ ಅತ್ತೆ ಮೂರು ಸಲ ಬಾಯಿ ಮುಕ್ಕಳಿಸಿ ಉಗಿದರು. ನಾಲ್ಕನೇ ಸಲ ವಾಂತಿಯಾಯಿತು. ಹೆಂಡತಿ ತಾಯಿಯ ಬೆನ್ನು ನೀವುತ್ತಾ ಅವನನ್ನೇ ನೋಡುತ್ತಿದ್ದಳು.

"ಬೋರ್ಡಲ್ಲಿ ಸರಿಯಿದೆ ಅಂತ ಬರ್ದಿದೆಯಲ್ಲ," ಎಂದರು ಅತ್ತೆ ಸುಧಾರಿಸಿಕೊಂಡು.

"ಹೌದು."

"ಸಹಿ ಹಾಕೋವಾಗ ಗೊತ್ತಿತ್ತಾ?"

"ಗೊತ್ತಿತ್ತು."

ಅತ್ತೆ ಎದ್ದು, ಆಡುತ್ತಿದ್ದ ಮಗುವೊಂದರ ತಾಯಿಯ ಬಳಿ ಹೋದರು. ಮಗು ಪುಟ್ಟ ಬಕೆಟ್ಟಿನಿಂದ ಆ ನೀರನ್ನು ತಲೆಗೆ ಸುರಿದುಕೊಳ್ಳುತ್ತಿತ್ತು. "ಮಗೂನ ಎತ್ಕೊಳ್ಳಮ್ಮ. ಇದು ಕೊಳಕು ನೀರು."

"ಪರೀಕ್ಷೆ ಮಾಡಿ ಬೋರ್ಡ್ ಹಾಕಿದಾರಲ್ಲ ಅಜ್ಜಿ," ಎಂದಳು ಆಕೆ ನಗುತ್ತಲೇ.

ಅತ್ತೆ ತಿರುಗಿ ನೋಡಿದರು. ಅವನು ಎಂಟು ಚಪ್ಪಲಿಗಳನ್ನು ತಬ್ಬಿಕೊಂಡು ನಿಂತಿದ್ದ.

ವಾಪಸು ಬರುವಾಗ ಬಸ್ಸಿನಲ್ಲಿ, ಅತ್ತೆಯ ಬಟ್ಟೆಯ ಅಂಚಿನಿಂದ ಬರುತ್ತಿದ್ದ ವಾಸನೆಗೆ ಮುಂದಿನ ಸೀಟಿನವನು ಎದ್ದು ಬೇರೆಡೆ ಕೂತ. ಮನೆ ತಲುಪಿದ ಮೇಲೆ ನಲ್ಲಿಯಡಿ ಕಾಲುಜ್ಜುತ್ತಾ ಚಿಕ್ಕಮ್ಮ ಹೇಳಿದರು, "ಅಕ್ಕ, ಆ ಬಾಟ್ಲಿ ಚೆಲ್ಲಿಬಿಡೇ. ನೋಡಿದ್ರೆ ವಾಕರಿಕೆ ಬರತ್ತೆ."

"ಇರಲಿ ಬಿಡು," ಎಂದು ಅತ್ತೆ ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟರು.

ಅವನು ಗಡಿಯಾರ ನೋಡಿದ. ಹಿಡಿದ ನೀರನ್ನು ಆರು ಗಂಟೆಯೊಳಗೆ ಪರೀಕ್ಷೆಯ ಗಾಜಿನ ತಟ್ಟೆಗೆ ಹಾಕಬೇಕೆಂಬುದು ನಿಯಮ. ಕೆಲಸದ ಚೀಲದಿಂದ, ಬಾಟಲಿಗೆ ಅಂಟಿಸುವ ಒಂದು ಚೀಟಿ ತೆಗೆದ. ಈ ಒಂದು ಚೀಟಿಯ ಹಿಂದೆ ಹಳದಿ ಗೂಟದ ವಿಚಾರವೂ ಹೊರಬರುತ್ತದೆ, ಅದನ್ನು ಹೊತ್ತವನ ವಿಚಾರವೂ.

"ಎಷ್ಟು ಗಂಟೆಗೆ ತುಂಬಿದ್ರಿ ಅತ್ತೆ?"

"ಹನ್ನೊಂದಾಗಿರಬೇಕು."

ಸಮಯ ಬರೆದ. ಸ್ಥಳ: ಮೋರಿಯ ಬಾಯಿ. 'ನೀರು ಹಿಡಿದವರು' ಎಂಬಲ್ಲಿ ಪೆನ್ನು ನಿಂತಿತು.

"ನನ್ನ ಹೆಸರೇ ಬರೀರಿ," ಎಂದರು ಅತ್ತೆ. "ತುಂಬಿದ್ದು ನಾನು ತಾನೇ."

ಅವನು ಬರೆದ. 'ಪರೀಕ್ಷಿಸುವವರು' ಎಂಬಲ್ಲಿ ತನ್ನ ಸಹಿ ಹಾಕಿದ. ಅಕ್ಷರ ಗುಂಡಗೆ ಬರಲಿಲ್ಲ. ಬಾಟಲಿಯ ಹೊರಮೈ ಇನ್ನೂ ಜಿಡ್ಡಾಗಿತ್ತು. ಚೀಟಿ ಅಂಟದೆ ಜಾರಿತು. ಅತ್ತೆ ಮೂಗು ಸಿಂಡರಿಸಿ, ಒಣಬಟ್ಟೆಯೊಂದರಿಂದ ಬಾಟಲಿಯನ್ನು ಮೇಲಿಂದ ಕೆಳಗಿನವರೆಗೆ ಒರೆಸಿ, ಎರಡೂ ಕೈಯಲ್ಲಿ ಅಲುಗದಂತೆ ಹಿಡಿದುಕೊಂಡರು. ಒಳಗೆ ನೀರು ಅರ್ಧ ತಿಳಿಯಾಗಿ, ತಳದಲ್ಲಿ ಬೆರಳು ದಪ್ಪದ ಬೂದುಬಣ್ಣದ ಗಸಿ ಕೂತಿತ್ತು.