ಕೋರ್ಟಿನಲ್ಲಿ ಸೊಸೆ ಆಡಿದ ಮಾತು

ಸೊಸೆಗೆ ನಾನು ಏಳು ಜನ್ಮಕ್ಕೆ ಋಣಿ. ಹೊಗಳಿದರೆ ತಲೆ ಮೇಲೆ ಕೂರುತ್ತಾಳೆ, ಆದರೂ ಹೇಳುತ್ತೇನೆ.

ನಮ್ಮಿಂದ ಬಾಡಿಗೆ ಮನೆ ಖಾಲಿ ಮಾಡಿಸಲು ಓನರ್ ಕೊಳಾಯಿ ನೀರು ನಿಲ್ಲಿಸಿದ. ನಾನು ಒಂಟೆಯ ಹಾಗೆ ಬದುಕಿದೆ, ಜಗ್ಗಲಿಲ್ಲ. ಒಂದು ಬೆಳಿಗ್ಗೆ ಅವನೇ ಫೋನ್ ಮಾಡಿದ. "ಅಜ್ಜಿ, ನಿಮ್ಮ ಮಗ ಸಾರುವೆಯಿಂದ ಬಿದ್ದು ಹೋಗ್ಬಿಟ್ಟ. ಹೆಣದ ಗಾಡಿ ಬರ್ತಿದೆ, ಬಾಗಿಲು ತೆಗೆದಿಡಿ."

ಮಗ ಸಾರುವೆ ಕಟ್ಟಿಕೊಂಡು ಎತ್ತರದ ಕಟ್ಟಡಗಳಿಗೆ ಬಣ್ಣ ಹೊಡೆಯುವವನು. ಮೇಲೆ ಹತ್ತಿದರೆ ಫೋನ್ ಕೆಳಗೇ ಇರುತ್ತದೆ. ಸೊಸೆಯೂ ಕೆಲಸಕ್ಕೆ ಹೋಗಿದ್ದಳು. ಗಾಡಿಯೂ ಬಂದು ನಿಂತಿತು. ಅದನ್ನು ಕರೆಸಿದವನೂ ಓನರ್ರೇ. ಸಂಜೆ ಬಣ್ಣದ ಕೈಯಲ್ಲಿ ಮಗ ಒಳಗೆ ಬಂದರೆ ನನಗೆ ಗುರುತೇ ಸಿಗಲಿಲ್ಲವಂತೆ.

"ತಮಾಷೆಗೆ ಅಂದೆ. ನೀವೂ ಎಲ್ಲರ ಕಾಲೆಳೀತೀರಲ್ಲ?" ಎಂದು ಓನರ್ ಹಲ್ಲು ಕಿರಿದ.

ಸೊಸೆ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿಸಿದಳು. ಬೇಕೆಂದೇ ಒಬ್ಬರ ಮನಸ್ಸು ಮುರಿದವನು ಪರಿಹಾರ ಕೊಡಬೇಕಂತೆ. ಆದರೆ ಮುರಿದದ್ದನ್ನು ತೋರಿಸಬೇಕು. ಕಾಲಾಗಿದ್ದರೆ ಎಕ್ಸ್‌ರೇ ತೆಗೆಸಬಹುದಿತ್ತು.

ಓನರ್ ಕಡೆಯ ವಕೀಲ ನನ್ನನ್ನು ಕೇಳಿದ, "ನೆಗಡಿ ಆದ್ರೆ ನನ್ನ ಮೂಗಲ್ಲಿ ಕೆರೆ ತುಂಬ್ತು ಅಂತೀರಂತೆ, ಹೌದಾ?"

"ಕೋಡಿನೂ ಬಿದ್ದಿತ್ತು ಸ್ವಾಮಿ."

ಎಲ್ಲರೂ ನಕ್ಕರು.

"ಹಾಗಾದ್ರೆ ಈ ದುಃಖಾನೂ ಅಂಥದ್ದೇ ತಾನೆ?"

ಇನ್ನು ನನ್ನನ್ನು ಯಾರು ನಂಬುತ್ತಾರೆ?

ಆಗ ಸೊಸೆ ಕಟಕಟೆ ಹತ್ತಿದಳು.

"ನಮ್ಮತ್ತೆ ಹೇಳೋದ್ರಲ್ಲಿ ಮುಕ್ಕಾಲು ಸುಳ್ಳು ಸ್ವಾಮಿ. ನಾನು ಕಸ ಗುಡಿಸಿದ್ರೆ, ಹಿಂದೆ ಉಳಿದ ಕಸದಲ್ಲಿ ಆನೆ ಬಚ್ಚಿಟ್ಕೋಬಹುದು ಅಂತಾರೆ. ದಿನಾ ನಮಗೆ ಜಗಳ. ಆ ಫೋನ್ ಬಂದ್ಮೇಲೆ ಮಾತೇ ಇಲ್ಲ. ಬಾಗಿಲು ಬಡಿದ್ರೆ ಹೋಗಿ ಮಂಚದ ಕೆಳಗೆ ಕೂತ್ಕೊಳ್ಳೋರು. ಬೈಲಿ ಅಂತ ಒಂದಿನ ಬೇಕಂತ್ಲೇ ಅನ್ನ ಸೀಯಿಸಿ ಬಡಿಸ್ದೆ. ಸುಮ್ಮನೆ ತಿಂದ್ರು. 'ಚೆನ್ನಾಗಿದೆ ಕಣಮ್ಮ' ಅಂದ್ರು. ನಾನು ಬಚ್ಚಲಿಗೆ ಹೋಗಿ ಅತ್ಬಿಟ್ಟೆ."

ಯಾರೂ ನಗಲಿಲ್ಲ. ಜಡ್ಜಮ್ಮ ಕನ್ನಡಕ ತೆಗೆದಿಟ್ಟು ನನ್ನನ್ನೇ ನೋಡಿದರು. ಆಮೇಲೆ ತೀರ್ಪು ಬಂತು: ಇದು ತಮಾಷೆಯಲ್ಲ, ಓನರ್ ಪರಿಹಾರ ಕೊಡಬೇಕು, ಮತ್ತೆ ನಮ್ಮ ತಂಟೆಗೆ ಬರಕೂಡದು.

ಹೊರಗೆ ಬಂದವಳೇ ಕೇಳಿದೆ, "ಏನೇ, ಅಷ್ಟು ಜನರ ಮುಂದೆ ನನ್ನನ್ನ ಸುಳ್ಳುಬುರುಕಿ ಮಾಡ್ಬಿಟ್ಯಲ್ಲ!"

"ಮುಕ್ಕಾಲು ಅಂದೆ ಅತ್ತೆ. ಕಾಲು ಭಾಗ ಬಿಟ್ಟಿದೀನಿ."

"ಆ ಕಾಲು ಭಾಗದಿಂದ ಹೇಳ್ತೀನಿ ಕೇಳು. ನೀನಿಲ್ದಿದ್ರೆ ನಾನಿನ್ನೂ ಮಂಚದ ಕೆಳಗೇ ಇರ್ತಿದ್ದೆ."

ರಸ್ತೆ ದಾಟಿಸಲು ಅವಳು ನನ್ನ ತೋಳು ಹಿಡಿದಳು. ದಾಟಿದ ಮೇಲೂ ಬಿಡಲಿಲ್ಲ.